ಹಳೆ ಡೀಸೆಲ್ ಸ್ವಿಫ್ಟ್ ತಗೊಳ್ಳಬಹುದಾ?

ಪ್ರಶ್ನೆ: 2013ರ ಸ್ವಿಫ್ಟ್ ಡೀಸೆಲ್ ಮಾರಾಟಕ್ಕಿದೆ. ಕೊಂಡರೆ ನಾನು ಮೂರನೇ ಓನರ್. ಹೊಸ ಸ್ವಿಫ್ಟ್‌ನಲ್ಲಿ ಡೀಸೆಲ್ಲೇ ಇಲ್ಲವಂತೆ, ನಿಜಾನಾ? ತಗೊಳ್ಳಲಾ? – ಓದುಗರು, ಸಿಂಧನೂರು

ಉತ್ತರ: ನಿಜ. ಸ್ವಿಫ್ಟ್ ನಮ್ಮ ದೇಶಕ್ಕೆ ಬಂದಿದ್ದು 2005ರಲ್ಲಿ, ಪೆಟ್ರೋಲ್‌ನಲ್ಲಿ ಮಾತ್ರ. 2007ರಲ್ಲಿ ಡೀಸೆಲ್ ಸೇರಿತು. ಆ 1248 ಸಿಸಿ ಎಂಜಿನ್ನಿನ ವಿನ್ಯಾಸ ಫಿಯೆಟ್‌ನದು, ಮೈಲೇಜಿಗೆ ಹೆಸರುವಾಸಿ. 2020ರ ಏಪ್ರಿಲ್‌ನಲ್ಲಿ ಗಾಡಿ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದಾಗ ಮಾರುತಿ ಡೀಸೆಲ್ ನಿಲ್ಲಿಸಿತು.

ನಿಮ್ಮದು 2011ರಲ್ಲಿ ಬಂದ ಎರಡನೇ ತಲೆಮಾರಿನ ಕಾರು. ಒಳ್ಳೆ ಗಾಡಿನೇ, ಆದ್ರೆ ಸುಮ್ನೆ ಪಾಲಿಶ್ ನೋಡಿ ದುಡ್ಡು ಕೊಡಬೇಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ, ಹೊಗೆ ಜಾಸ್ತಿ ಇದೆಯಾ, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ಹತ್ತಿರ ಆಯಿಲ್ ಜಿನುಗಿದೆಯಾ ನೋಡಿ. ನಮ್ಮ ಕಡೆ ಗದ್ದೆ ದಾರಿಯಲ್ಲಿ ಓಡಿದ ಕಾರಿನ ಅಡಿಯಲ್ಲಿ ಎರೆ ಮಣ್ಣು ಮೆತ್ತಿಕೊಂಡು, ಅದರ ಕೆಳಗೇ ತುಕ್ಕು ಹಿಡಿದಿರುತ್ತದೆ, ಹಾಗಾಗಿ ತೊಳೆಸಿಯೇ ನೋಡಿ.

ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು ಇದ್ದರೆ ಅದನ್ನು ತೆಗೆಸದೆ ಮುಂಗಡ ಕೊಡಬೇಡಿ. ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಕೂಡಲೇ ಹೆಸರು ಬದಲಾಯಿಸಿಕೊಳ್ಳಿ. ಇನ್ನೊಂದು ಮಾತು, ನೋಂದಣಿ ಇರುವುದು 15 ವರ್ಷಕ್ಕೆ. ಅಂದರೆ 2028ರಲ್ಲಿ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸಿ ನವೀಕರಿಸಬೇಕು, ಆ ಖರ್ಚನ್ನು ಈಗಲೇ ಬೆಲೆಯಲ್ಲಿ ಕಳೆದು ಮಾತಾಡಿ. ದಿನಾ ದೂರ ಓಡಾಟ ಇಲ್ಲದಿದ್ದರೆ ಪೆಟ್ರೋಲ್ ಗಾಡಿಯೇ ಸಾಕು ಅಂತ ನನ್ನ ಅಭಿಪ್ರಾಯ.