ನಿಮ್ಮ ಬೆಟಾಲಿಯನ್ ನಿಧಾನವಲ್ಲ

ಪ್ರಶ್ನೆ: ‘ನೆಪೋಲಿಯನ್: ಟೋಟಲ್ ವಾರ್’ ಎಂಬ ಕಂಪ್ಯೂಟರ್ ಯುದ್ಧದಾಟದಲ್ಲಿ ಕಾಲಾಳುಗಳು ತೀರಾ ನಿಧಾನ ಅನಿಸಿ, ಯೂಟ್ಯೂಬ್‌ನಲ್ಲಿ ಹೊಗಳಿದ್ದ ‘ನೈಜ ವೇಗ’ದ ಮಾಡ್ (ಆಟವನ್ನು ಮಾರ್ಪಡಿಸುವ ಫೈಲು) ಹಾಕಿದೆ. ಈಗ ಇಡೀ ಸಾಲು ಕ್ಷಣದಲ್ಲಿ ಪಕ್ಕಕ್ಕೆ ತಿರುಗುತ್ತದೆ. ಇತಿಹಾಸದಲ್ಲೂ ಹೀಗೇ ಇತ್ತೇ?

ಇರಲಿಲ್ಲ. ಆ ಮಾಡ್ ಮೊದಲು ತೆಗೆದುಹಾಕಿ. ಪ್ರತಿ ಸಲ ಇದೇ ಪ್ರಶ್ನೆ ಬರುತ್ತಿದೆ, ಕವಾಯತಿನ ಗಂಧಗಾಳಿ ಇಲ್ಲದವರು ‘ನೈಜ’ ಎಂದು ಹಣೆಪಟ್ಟಿ ಹಚ್ಚುವುದೂ ನಿಂತಿಲ್ಲ.

ಲೆಕ್ಕ ನೋಡಿ. ಫ್ರಾನ್ಸಿನ 1791ರ ಕವಾಯತು ನಿಯಮದಲ್ಲಿ ಸಾಮಾನ್ಯ ನಡಿಗೆ ನಿಮಿಷಕ್ಕೆ 76 ಹೆಜ್ಜೆ, ಚುರುಕು ನಡಿಗೆ 100. ಒಂದು ಹೆಜ್ಜೆ ಸುಮಾರು 65 ಸೆಂ.ಮೀ. ಬೆಟಾಲಿಯನ್ನಿನ 600 ಜನ ಮೂರು ಸಾಲಾಗಿ ನಿಂತರೆ ಅಗಲ ಸುಮಾರು 110 ಮೀಟರ್. ಒಂದು ತುದಿಯನ್ನು ಗೂಟವಾಗಿಸಿ ಕಾಲು ಸುತ್ತು ತಿರುಗಿಸಿದರೆ ಹೊರತುದಿಯವನು ನಡೆಯಬೇಕಾದ್ದು 170 ಮೀಟರಿಗೂ ಹೆಚ್ಚು. ಚುರುಕು ನಡಿಗೆಯಲ್ಲೂ ಎರಡೂವರೆ ನಿಮಿಷ ದಾಟುತ್ತದೆ, ಅದೂ ಸಮತಟ್ಟು ಮೈದಾನದಲ್ಲಿ. ನಡುವಿನವನು ಅರ್ಧ ಹೆಜ್ಜೆ ಹಾಕಬೇಕು, ಗೂಟದ ಪಕ್ಕದವನು ನಿಂತಲ್ಲೇ ಕಾಲು ಎತ್ತಿಡಬೇಕು. ಉತ್ತ ಹೊಲದಲ್ಲಿ, ಹೊಗೆಯಲ್ಲಿ ಈ ಅಳತೆ ತಪ್ಪುತ್ತದೆ: ಸಾಲು ನಡುವೆ ಬಾಗುತ್ತದೆ, ಒಳಗಡೆ ನೂಕುನುಗ್ಗಲು, ಹೊರಗಡೆ ಸಂದು. ಅಷ್ಟರಲ್ಲಿ ಎದುರಿನವರು ನಿಮಿಷಕ್ಕೆರಡರಂತೆ ಐದು ಸಲ ಗುಂಡು ಹಾರಿಸಿರುತ್ತಾರೆ. ಎಲ್ಲರೂ ನಿಂತಲ್ಲೇ ಬಲಕ್ಕೆ ಹೊರಳಿದರಾಯಿತಲ್ಲ ಎನ್ನಬೇಡಿ. ಆಗ ಮೂರು ಜನ ಅಗಲದ, 200 ಜನ ಉದ್ದದ ಬಾಲವಾಗುತ್ತದೆ, ಮುಂದಕ್ಕೆ ಗುಂಡು ಹಾರಿಸಬಲ್ಲವರು ಮೂವರೇ.

ಹಾಗಾಗಿ ಅವರು ಸಾಲನ್ನು ಕಂಪನಿಗಳೆಂಬ ಸಣ್ಣ ತುಕಡಿಗಳಾಗಿ ಒಡೆಯುತ್ತಿದ್ದರು. ಆರು ಕಂಪನಿಗಳೆಂದರೆ ತಲಾ 18 ಮೀಟರ್. ಎಲ್ಲವೂ ಒಟ್ಟಿಗೆ ಕಾಲು ಸುತ್ತು ತಿರುಗಲು ಅರ್ಧ ನಿಮಿಷವೂ ಬೇಡ. ಆಗ ಕಂಪನಿಗಳು ಒಂದರ ಹಿಂದೊಂದು ಬರುತ್ತವೆ, ಅದೇ ಕಾಲಂ. ಮುಂದಿನ ಕಂಪನಿ ಹೊಸ ದಿಕ್ಕಿಗೆ ಹೊರಳುತ್ತದೆ, ಹಿಂದಿನವು ಅದೇ ಜಾಗಕ್ಕೆ ಬಂದು ಹೊರಳುತ್ತವೆ, ಕೊನೆಗೆ ಎಲ್ಲವೂ ಒಮ್ಮೆಲೇ ತಿರುಗಿ ಸಾಲಾಗುತ್ತವೆ. ಸಮಯವೇನೂ ಹೆಚ್ಚು ಉಳಿಯದು, ಸಾಲು ಮಾತ್ರ ಮುರಿಯದೆ ಉಳಿಯುತ್ತದೆ. ಎಲ್ಲ ಕಷ್ಟ ಅಂತರದಲ್ಲಿದೆ. ಕಂಪನಿಗಳ ನಡುವಿನ ಅಂತರ ಕಂಪನಿಯ ಅಗಲಕ್ಕೆ ಸಮ ಇರಬೇಕು. ಕಡಿಮೆಯಾದರೆ ಸಾಲಾಗುವಾಗ ಒಂದರ ಮೇಲೊಂದು ಬೀಳುತ್ತವೆ, ಹೆಚ್ಚಾದರೆ ಉಳಿದ ಸಂದಿನಲ್ಲಿ ಕುದುರೆ ಸವಾರರು ನುಗ್ಗುತ್ತಾರೆ.

ಆಟದಲ್ಲೂ ಮೌಸ್ ಎಳೆದು ಉದ್ದ ಸಾಲನ್ನು ಗಿರಗಿರನೆ ತಿರುಗಿಸಬೇಡಿ. ಕಾಲಂ ಮಾಡಿ ನಡೆಸಿ, ಶತ್ರುವಿನ ಬಂದೂಕಿನ ಅಳವಿಗೆ ಬರುವ ಮೊದಲೇ ಸಾಲು ಬಿಡಿಸಿ.

ಪ್ರಶ್ನೆ: ಯುದ್ಧದುದ್ದಕ್ಕೂ ಓಡಿಸಬಹುದೇ?

ಬೇಡ. ಓಡಿ ಬಂದವನಿಗೆ ಉಸಿರಿಲ್ಲ, ಸಾಲಿಲ್ಲ, ಮದ್ದು ತುಂಬುವ ಕೈ ನಡುಗುತ್ತದೆ.

ಪ್ರಶ್ನೆ: ರೋಮನ್ ಸೈನಿಕರು ದಿನಾ 50 ಕಿ.ಮೀ. ನಡೆಯುತ್ತಿದ್ದರಂತೆ?

ಕಟ್ಟುಕಥೆ. ಯುದ್ಧಕಲೆಯ ಬಗ್ಗೆ ಬರೆದ ರೋಮನ್ ಲೇಖಕ ವೆಜೀಶಿಯಸ್ ಹೇಳುವ ತರಬೇತಿ ನಡಿಗೆ ಬೇಸಿಗೆಯ 5 ಗಂಟೆಗೆ 20 ರೋಮನ್ ಮೈಲಿ, ಅಂದರೆ ಸುಮಾರು 30 ಕಿ.ಮೀ.

ಪ್ರಶ್ನೆ: ಸರಬರಾಜಿನ ಆಯ್ಕೆ ಆಫ್ ಮಾಡಿ ಆಡಿದರೆ ಏನು ನಷ್ಟ?

1791ರ ಮೇ ತಿಂಗಳಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಟಿಪ್ಪುವಿನ ವಿರುದ್ಧ ಅರಕೆರೆಯಲ್ಲಿ ಗೆದ್ದ. ಆದರೂ ಶ್ರೀರಂಗಪಟ್ಟಣದ ಬಾಗಿಲಲ್ಲೇ ತನ್ನ ಮುತ್ತಿಗೆ ತೋಪುಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ಮರಳಿದ. ಎಳೆಯುವ ಎತ್ತುಗಳು ಸತ್ತಿದ್ದವು, ಸೈನ್ಯಕ್ಕೆ ಧಾನ್ಯವಿರಲಿಲ್ಲ. ಆಫ್ ಮಾಡಬೇಡಿ.