ಅರ್ಧಕ್ಕೆ ಬಿಟ್ಟ ಅಧ್ಯಕ್ಷಗಿರಿ

ಪ್ರಶ್ನೆ: ಸಾರ್, ಸಿರಿಯಾದ ಹಾಶಿಮ್ ಅಲ್-ಅತಾಸಿ 1936ರಲ್ಲಿ ಅಧ್ಯಕ್ಷರಾಗಿ ಮೂರು ವರ್ಷ ತುಂಬುವ ಮೊದಲೇ ರಾಜೀನಾಮೆ ಕೊಟ್ಟರಂತೆ. ಆಗ ಅಲ್ಲಿದ್ದ ಫ್ರೆಂಚರ ‘ಮ್ಯಾಂಡೇಟ್’ ಅಂದರೇನು? ಅರ್ಧಕ್ಕೇ ಬಿಟ್ಟುಹೋದವರನ್ನು ದೊಡ್ಡ ನಾಯಕ ಎನ್ನಬಹುದೇ?
– ಪ್ರೌಢಶಾಲಾ ಶಿಕ್ಷಕಿ, ಗೌರಿಬಿದನೂರು

ಉತ್ತರ: ಧಾರಾಳವಾಗಿ ಎನ್ನಬಹುದಮ್ಮ. ತುಮಕೂರಿನಲ್ಲಿ ಇತಿಹಾಸ ಪಾಠ ಹೇಳುವಾಗ ಮ್ಯಾಂಡೇಟನ್ನು ಹುಡುಗರಿಗೆ ಹೀಗೆ ಬಿಡಿಸುತ್ತಿದ್ದೆ: ಅಪ್ಪ ತೀರಿಕೊಂಡ ಹುಡುಗನ ಜಮೀನಿಗೆ ಚಿಕ್ಕಪ್ಪ ಉಸ್ತುವಾರಿ ನಿಲ್ಲುತ್ತಾನೆ, ಹುಡುಗನಿಗೆ ಮೀಸೆ ಬಂದರೂ ಪಹಣಿ ಬಿಡುವುದಿಲ್ಲ. ಸಿರಿಯಾವನ್ನು ಆಳುತ್ತಿದ್ದ ತುರ್ಕರ ಆಟೊಮನ್ ಸಾಮ್ರಾಜ್ಯ ಮೊದಲ ಮಹಾಯುದ್ಧದಲ್ಲಿ ಬಿದ್ದ ಮೇಲೆ, ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ಹೆಸರಿನಲ್ಲಿ ಫ್ರಾನ್ಸ್ ಸಿರಿಯಾಕ್ಕೆ ಅಂಥ ಚಿಕ್ಕಪ್ಪನಾಯಿತು.

ಹೋಮ್ಸ್ ಊರಿನ ಅತಾಸಿ ಆಟೊಮನ್ ಆಡಳಿತದಲ್ಲಿ ಅಧಿಕಾರಿಯಾಗಿ ಪಳಗಿದವರು. 1920ರಲ್ಲಿ ಸಿರಿಯಾದ ದೊರೆ ಫೈಸಲ್‌ಗೆ ಪ್ರಧಾನಿಯಾದರು. ಜುಲೈ 24ರಂದು ಮೈಸಲೂನ್‌ನಲ್ಲಿ ಫ್ರೆಂಚ್ ಸೇನೆ ಗೆದ್ದಿತು, ಯುದ್ಧಮಂತ್ರಿ ಯೂಸುಫ್ ಅಲ್-ಅಜ್ಮಾ ರಣದಲ್ಲೇ ಮಡಿದರು, ರಾಜ್ಯವೂ ಮುಗಿಯಿತು.

ನನ್ನ ಮನಸ್ಸು ನಿಲ್ಲುವುದು 1928ರಲ್ಲಿ. ಸಂವಿಧಾನ ಸಭೆಗೆ ಅತಾಸಿ ಅಧ್ಯಕ್ಷರು. ಅವರು ಮುಂದಿಟ್ಟ ಕರಡಿನಲ್ಲಿ ಮ್ಯಾಂಡೇಟಿನ ಸುದ್ದಿಯೇ ಇಲ್ಲ! ಆರು ವಿಧಿಗಳನ್ನು ತೆಗೆಯಿರೆಂದು ಅಲ್ಲಿನ ಫ್ರೆಂಚ್ ಆಡಳಿತದ ಮುಖ್ಯಸ್ಥ, ಹೈಕಮಿಷನರ್, ಪಟ್ಟು ಹಿಡಿದರು, ಸಭೆ ಜಗ್ಗಲಿಲ್ಲ. ಕಡೆಗೆ ಸಭೆಯನ್ನೇ ಮುಚ್ಚಿಸಿ, ಮ್ಯಾಂಡೇಟಿಗೆ ಕುಂದು ಬಾರದಂತೆ 116ನೇ ವಿಧಿಯನ್ನು ತಾವೇ ಸೇರಿಸಿ, 1930ರಲ್ಲಿ ಫ್ರೆಂಚರು ಸಂವಿಧಾನ ಹೊರಡಿಸಿದರು. ಆ ಒಂದು ವಿಧಿ ಓದಿದರೆ ಸಾಕು, ಮ್ಯಾಂಡೇಟ್ ಅಂದರೇನೆಂದು ತಿಳಿಯುತ್ತದೆ.

1936ರ ಮೊದಲಲ್ಲಿ ಫ್ರೆಂಚರ ವಿರುದ್ಧ ಮುಷ್ಕರ ಹೂಡಿ ರಾಜಧಾನಿ ಡಮಾಸ್ಕಸ್ಸಿನ ಅಂಗಡಿಗಳು ವಾರಗಟ್ಟಲೆ ಬಾಗಿಲು ಹಾಕಿದವು. ಮಣಿದ ಫ್ರಾನ್ಸ್ ಮಾತುಕತೆಗೆ ಕರೆಯಿತು. ಅತಾಸಿ ನಿಯೋಗ ಕಟ್ಟಿಕೊಂಡು ಪ್ಯಾರಿಸ್‌ಗೆ ಹೋಗಿ, ತಿಂಗಳುಗಟ್ಟಲೆ ಕೂತು, ಸೆಪ್ಟೆಂಬರಿನಲ್ಲಿ ಸ್ವಾತಂತ್ರ್ಯದ ಒಪ್ಪಂದ ತಂದರು. ಡಿಸೆಂಬರಿನಲ್ಲಿ ಅಧ್ಯಕ್ಷರಾದರು. ಆದರೆ ಆ ಒಪ್ಪಂದಕ್ಕೆ ಫ್ರೆಂಚ್ ಸಂಸತ್ತು ಕೊನೆಗೂ ಒಪ್ಪಿಗೆ ಕೊಡಲಿಲ್ಲ. ನಿಮ್ಮ ಪಕ್ಕದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹದವರ ಮೇಲೆ ಗುಂಡು ಹಾರಿದಾಗ, ಡಮಾಸ್ಕಸ್ಸಿನಲ್ಲಿ ಅತಾಸಿ ಆ ಒಪ್ಪಿಗೆಗೆ ಕಾಯುತ್ತಾ ಕೂತಿದ್ದರು.

1939ರಲ್ಲಿ ಫ್ರಾನ್ಸ್ ಸಿರಿಯಾದ ಅಲೆಕ್ಸಾಂಡ್ರೆಟ್ಟಾ ಪ್ರಾಂತ್ಯವನ್ನು ತುರ್ಕಿಗೆ ಬಿಟ್ಟುಕೊಟ್ಟಿತು. ಕೊಟ್ಟ ಮಾತು ತಪ್ಪಿದ್ದಲ್ಲದೆ ನೆಲವನ್ನೂ ಕಳೆದವರ ಕೆಳಗೆ ಅಧ್ಯಕ್ಷನೆಂದು ಕೂರುವುದು ಹೇಗೆ? ಜುಲೈನಲ್ಲಿ ಎದ್ದು ಹೋದರು. ನನಗೆ ಅದು ಬಿಟ್ಟುಹೋಗುವುದಲ್ಲ, ಒಪ್ಪದಿರುವುದು. ಸ್ವಾತಂತ್ರ್ಯ ಬಂದ ಮೇಲೆ ಮತ್ತೆ ಅಧ್ಯಕ್ಷರಾಗಿದ್ದಾಗ, 1951ರಲ್ಲಿ ಸ್ವಂತ ದೇಶದ ಸೇನೆಯೇ ಅಧಿಕಾರ ಕಸಿದಾಗಲೂ ಹಾಗೆಯೇ ರಾಜೀನಾಮೆ ಕೊಟ್ಟರು. 1954ರಲ್ಲಿ ಮತ್ತೆ ಬಂದರು. ಮರುವರ್ಷ, ಎಂಬತ್ತರ ಮುದುಕ, ಚುನಾಯಿತರಾದ ಶುಕ್ರಿ ಅಲ್-ಕುವತ್ಲಿಯವರಿಗೆ ಕುರ್ಚಿ ಒಪ್ಪಿಸಿ ಹೊರಟರು.