ಕೆರೆಗೆ ಬೇಲಿ ಹಾಕಿ ಜನಾನ ಆಚೆ ಅಟ್ಟಬೇಡಿ

ಪ್ರಶ್ನೆ: ನಮ್ಮ ಲೇಔಟ್ ಪಕ್ಕದ ಕೆರೆಗೆ ಬೇಲಿ, ವಾಕಿಂಗ್ ಟ್ರ್ಯಾಕ್ ಎಲ್ಲಾ ಆಯ್ತು. ಆದ್ರೂ ಹಳೇ ಊರಿನವ್ರು ಹಸು ಹೊಡ್ಕೊಂಡು, ಹುಲ್ಲು ಕುಯ್ಯೋಕೆ ಬರ್ತಾನೇ ಇದಾರೆ. ಹೇಗೆ ತಡೆಯೋದು ಸರ್?

ಉತ್ತರ: ತಡೀಬೇಡಿ. ಈ ಪ್ರಶ್ನೆ ಬಂದಾಗೆಲ್ಲ ನಂಗೆ ಸಂಕಟ ಆಗುತ್ತೆ. ಕೆರೆ ಹಾಳಾಗ್ತಿರೋದು ಹಸುವಿಂದ ಅಲ್ಲ, ರಾಜಕಾಲುವೆಲಿ, ಅಂದ್ರೆ ಮಳೆನೀರು ಹರಿಯೋ ದೊಡ್ಡ ಕಾಲುವೆಲಿ, ಬರೋ ಕೊಳಚೆಯಿಂದ. ಮನೆಗೆ ಬಂದ ನೀರಲ್ಲಿ ಸುಮಾರು 80 ಪರ್ಸೆಂಟ್ ಕೊಳಚೆಯಾಗಿ ಆಚೆ ಹೋಗುತ್ತೆ ಅಂತ ಲೆಕ್ಕ ಇಟ್ಕೊಂಡೇ ಇಂಜಿನಿಯರ್‌ಗಳು ಪೈಪ್ ಹಾಕೋದು, ನಿಮ್ಮ ಲೇಔಟಿಂದು ಎಲ್ಲಿಗೆ ಹೋಗ್ತಿದೆ ಅಂತ ಮೊದಲು ಹೋಗಿ ನೋಡ್ಕೊಂಡು ಬನ್ನಿ.

ಬೆಂಗಳೂರಿಗೆ ದೊಡ್ಡ ನದಿ ಇಲ್ಲ, ಇಲ್ಲಿನ ಕೆರೆಗಳು ಜನ ಕಟ್ಟಿದ್ದು, ಒಂದರ ಕೋಡಿ ನೀರು ಇನ್ನೊಂದಕ್ಕೆ ಹರಿಯೋ ಹಾಗೆ. ತೂಬು ಎತ್ತಿ ಗದ್ದೆಗೆ ನೀರು ಬಿಡೋಕೆ ನೀರುಗಂಟಿ ಇರ್ತಿದ್ದ, ಸುಗ್ಗಿಲಿ ಅವನಿಗೆ ಧಾನ್ಯ ಅಳೆದು ಕೊಡೋರು, ಬೇಸಿಗೆಲಿ ಹೂಳು ಎತ್ತಿ ಹೊಲಕ್ಕೆ ಹೊಡೆಯೋರು, ಕೋಡಿ ಬಿದ್ರೆ ಗಂಗಮ್ಮನ ಪೂಜೆ. ಆ ಕಾಲ ಚೆನ್ನಾಗಿತ್ತು ಅಂತ ಹೇಳ್ತಿಲ್ಲ, ಬಹಳ ಕಡೆ ನೀರುಗಂಟಿ ದಲಿತ, ಊರಿಗೆಲ್ಲ ನೀರು ಹಂಚಿದೋನು ಊರ ಬಾವಿ ಮುಟ್ಟೋ ಹಾಗಿರ್ಲಿಲ್ಲ. ಆದ್ರೆ ದಿನಾ ಕೆರೆ ಕಡೆ ಕೆಲಸ ಇರೋ ಜನ ಇದ್ರು. ಗದ್ದೆ ಸೈಟ್ ಆಯ್ತು, ಸುಮಾರು 100 ಕಿಲೋಮೀಟರ್ ದೂರದ ಕಾವೇರಿ ನಲ್ಲಿಗೆ ಬಂತು, ಆಮೇಲೆ ಕೆರೆ ಯಾರಿಗೂ ಬೇಡ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು, ಸಂಪಂಗಿ ಕೆರೇಲಿ ಕಂಠೀರವ ಸ್ಟೇಡಿಯಂ.

ನಾನು ಕೆಲಸ ಮಾಡ್ತಿದ್ದ ಒಂದು ಕೆರೆಗೆ ಅಜ್ಜಿ ಒಬ್ರು ದಿನಾ ಬೆಳಿಗ್ಗೆ ಕುಡುಗೋಲು ಹಿಡ್ಕೊಂಡು ಬರೋರು. ಒಂದಿನ ಕರೆದು "ನೋಡಪ್ಪ, ಈ ಮೂಲೆ ನೀರು ಗಬ್ಬು ನಾರ್ತೈತೆ, ನಮ್ ಹಸ ಮೂಸಿ ವಾಪಸ್ ಬಂತು" ಅಂದ್ರು. ಹೋಗಿ ನೋಡಿದ್ರೆ ರಾತ್ರಿ ಯಾರೋ ಟ್ಯಾಂಕರ್‌ನಲ್ಲಿ ಸೆಪ್ಟಿಕ್ ಟ್ಯಾಂಕ್ ಲೋಡು ಸುರಿದು ಹೋಗಿದ್ರು, ಅವತ್ತೇ ಟ್ಯಾಂಕರ್ ಬರೋ ದಾರಿಗೆ ಅಡ್ಡ ಕಟ್ಟಿಸಿದ್ವಿ. ಆಮೇಲೆ ಬೇಲಿ ಬಂತು, ಗಾರ್ಡು ಅಜ್ಜಿನ ಒಳಗೆ ಬಿಡ್ಲಿಲ್ಲ. ಮುಂದಿನ ಬೇಸಿಗೆ ಮೊದಲ ಮಳೆಗೆ ಕಾಲುವೆಲಿದ್ದ ಕೊಳಚೆಯೆಲ್ಲ ಒಟ್ಟಿಗೆ ನುಗ್ಗಿ, ಆಕ್ಸಿಜನ್ ಇಲ್ದೆ ಮೀನು ಸತ್ತು ತೇಲಿದ್ವು, ನಮಗೆ ಗೊತ್ತಾಗಿದ್ದು ಮೂರನೇ ದಿನ, ವಾಸನೆ ಬಾಲ್ಕನಿಗೆ ಬಂದಾಗ.

ಅದಕ್ಕೇ ಹುಲ್ಲಿನವ್ರಿಗೆ, ಮೀನಿನವ್ರಿಗೆ ಒಂದು ಗೇಟು ಬಿಡಿ, ನಿಮ್ಮ ಕಮಿಟಿಲಿ ಅವ್ರನ್ನೂ ಕೂರಿಸಿ. ಒಂದೇ ಎಚ್ಚರ, ಕೊಳಚೆ ಬಂದು ಬೀಳೋ ಕಡೆ ಮಾತ್ರ ಹುಲ್ಲು ಸೊಪ್ಪು ಕುಯ್ಯೋದು ಬೇಡ, ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿನೇ ಹೆದರ್ತೀನಿ.

ಪ್ರಶ್ನೆ: ಇ.ಎಂ. ಮಣ್ಣುಂಡೆ, ಅಂದ್ರೆ ಸೂಕ್ಷ್ಮಜೀವಿ ಬೆರೆಸಿದ ಮಣ್ಣಿನ ಉಂಡೆ, ಎಸೆದ್ರೆ ಕೆರೆ ಕ್ಲೀನ್ ಆಗುತ್ತಂತೆ?

ಉತ್ತರ: ಕೊಳಚೆ ನಿಲ್ಲಿಸ್ದೆ ಯಾವ ಉಂಡೆ, ಯಾವ ಪುಡಿ ಎಸೆದ್ರೂ ಆಗಲ್ಲ. ಮಾರೋಕೆ ಬಂದೋರ ಹತ್ರ ಎಸೆಯೋ ಮುಂಚಿನದು, ಆರು ತಿಂಗಳ ನಂತರದ್ದು, ಎರಡೂ ಲ್ಯಾಬ್ ರಿಪೋರ್ಟ್ ಕೇಳಿ.

ಪ್ರಶ್ನೆ: ಮಣ್ಣಿನ ಗಣಪತಿ ಆದ್ರೆ ಕೆರೆಗೆ ಬಿಡಬಹುದಲ್ವಾ?

ಉತ್ತರ: ಬೇಡ. ಬಕೆಟ್‌ನಲ್ಲಿ ಬಿಟ್ಟು ಆ ಮಣ್ಣು ಗಿಡಕ್ಕೆ ಹಾಕಿ, ದೊಡ್ಡದಾದ್ರೆ ಗಣಪತಿ ಬಿಡೋಕೆ ಅಂತಲೇ ಕಟ್ಟಿರೋ ಕಲ್ಯಾಣಿಗೆ ತಗೊಂಡೋಗಿ.